ಶಟರ್ ಎತ್ತುವ ಮೊದಲು

"ಬಾಯಿ ಬಿಡು."

ಭಾವ ಬಾಯಿ ಬಿಟ್ಟ. ರಸ್ತೆಗೆ ಬೆನ್ನು ಹಾಕಿ, ಮುಚ್ಚಿದ ಶಟರಿನ ಕಡೆ ಮುಖ ಮಾಡಿ ನಿಂತಿದ್ದ. ಕಣ್ಣು ಮಾತ್ರ ಮೇಲಿತ್ತು, ಬೋರ್ಡಿನ ಅಂಚಿನಲ್ಲಿ ಕೂತಿದ್ದ ಪಾರಿವಾಳದ ಮೇಲೆ.

"ಊದು."

ಊದಿದ. ಭಾವಮೈದುನ ಅವನ ತುಟಿಯವರೆಗೆ ಮೂಗು ತಂದು, ಕಣ್ಣು ಮುಚ್ಚಿ, ನಿಧಾನವಾಗಿ ಎಳೆದುಕೊಂಡ. ಲವಂಗ. ಟೂತ್‌ಪೇಸ್ಟು. ನಿನ್ನೆ ಸೇದಿದ ಸಿಗರೇಟು. ಅದರ ಅಡಿಯಲ್ಲಿ ಇನ್ನೇನೋ ಒಂದಿತ್ತು, ಈಚೆಗೆ ಶುರುವಾಗಿದ್ದು, ಹೂದಾನಿಯ ನೀರು ಬದಲಿಸದೆ ಬಿಟ್ಟಂಥ ವಾಸನೆ. ಹೆಂಡದ್ದಂತೂ ಅಲ್ಲ. ಹೆಂಡದ್ದಲ್ಲ ಅಂದಮೇಲೆ ಅದು ಏನಾದರೂ ಆಗಿರಲಿ, ಅವನಿಗೆ ಬೇಕಾಗಿರಲಿಲ್ಲ.

"ಸರಿ, ತಗೋ," ಎಂದು ಅಂಗಿಯ ಜೇಬಿನಿಂದ ಪ್ಯಾಕು ತೆಗೆದು ಒಂದು ಸಿಗರೇಟು ಕೊಟ್ಟ. ಭಾವ ಅದನ್ನು ಬಾಯಿಯ ಎಡಗಡೆಗೆ ಇಟ್ಟುಕೊಂಡು ಕಡ್ಡಿ ಗೀರಿದ. ಮೊದಲೆಲ್ಲ ಬಲಗಡೆಗೆ ಇಟ್ಟುಕೊಳ್ಳುತ್ತಿದ್ದ. ಇದೂ ಯಾರ ಗಮನಕ್ಕೂ ಬಂದಿರಲಿಲ್ಲ.

ಎದುರುಗಡೆ ಪೆಟ್ಟಿಗೆ ಅಂಗಡಿಯಲ್ಲಿ ಬೀಗದ ಕೈ ಅರದಿಂದ ಉಜ್ಜುತ್ತಿದ್ದವನು ಕೂತಲ್ಲಿಂದಲೇ ಕೂಗಿದ. "ಏನ್ ದಾನಿ, ಇವತ್ತು ಪಾಸೋ ಫೇಲೋ?"

"ಪಾಸು," ಎಂದು ಇವನೂ ಅಷ್ಟೇ ಗಟ್ಟಿಯಾಗಿ ಹೇಳಿ, ಶಟರಿಗೆ ಕೈ ಹಾಕಿ ಮೇಲೆತ್ತಿದ. ಎತ್ತುವಾಗ ಹೊಟ್ಟೆಯ ಮೇಲಿನ ಗಾಯದ ಗೆರೆ ಚುಳ್ಳೆಂದಿತು. ದಿನವೂ ಅನ್ನುತ್ತಿತ್ತು. ಚುಳ್ಳೆಂದಾಗಲೆಲ್ಲ ಭಾವನ ಕಡೆ ಒಮ್ಮೆ ನೋಡುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು.

ಈ ಪರೀಕ್ಷೆ ಬೀದಿಯಲ್ಲೇ ನಡೆಯಬೇಕಾಗಿದ್ದಕ್ಕೆ ಕಾರಣವಿತ್ತು. ಅದು ಸೋಫಾ ರಿಪೇರಿ ಅಂಗಡಿ. ಶಟರು ಮೇಲೆ ಹೋಯಿತೋ, ಒಳಗಿನ ಫೋಮು, ರೆಕ್ಸಿನ್ನು, ಗಮ್ಮಿನ ಡಬ್ಬಗಳ ಘಾಟು ಹೊರಗೆ ನುಗ್ಗಿ, ಎಂಥ ಮೂಗನ್ನೂ ಕೆಲಸಕ್ಕೆ ಬಾರದ ಹಾಗೆ ಮಾಡಿಬಿಡುತ್ತಿತ್ತು. ಹಿಂದೆ ಆ ಘಾಟಿನ ಮರೆಯಲ್ಲೇ ಭಾವ ವರ್ಷಗಟ್ಟಲೆ ಕುಡಿದದ್ದು. ಆದ್ದರಿಂದ ಶಟರ್ ಎತ್ತುವ ಮೊದಲು ಒಂದು ಸಲ, ಮಧ್ಯಾಹ್ನ ಊಟ ಮುಗಿಸಿ ಬಂದಾಗ ಹೊರಗೇ ನಿಲ್ಲಿಸಿ ಒಂದು ಸಲ, ಸಂಜೆ ಬಾಗಿಲು ಹಾಕಿದ ಮೇಲೆ ಒಂದು ಸಲ. ಪಾಸಾದಾಗಲೆಲ್ಲ ಒಂದು ಸಿಗರೇಟು. ಬೀದಿಯವರು ನೋಡಲಿ, ನಗಲಿ. ನಾಚಿಕೆ ಇರಬೇಕಾದವನು ಯಾರು, ಮೂಸುವವನೋ ಮೂಸಿಸಿಕೊಳ್ಳುವವನೋ?

ಅವನನ್ನು ಬೀದಿಯವರೆಲ್ಲ ದಾನಿ ಎಂದೇ ಕರೆಯುತ್ತಿದ್ದರು. "ಅಯ್ಯೋ ಬಿಡಿ, ಅದೇನ್ ಮಹಾ" ಎಂದು ಅವನು ಅನ್ನುವುದಿತ್ತು. ಆದರೆ ಯಾರಾದರೂ ಮರೆತು ಅವನ ನಿಜವಾದ ಹೆಸರು ಹಿಡಿದು ಕರೆದರೆ ಮುಖ ಸಣ್ಣದಾಗುತ್ತಿತ್ತು. ಕೊಟ್ಟದ್ದೇನು ಸಾಮಾನ್ಯವೇ? ತನ್ನ ಲಿವರಿನಲ್ಲಿ ಅರ್ಧಕ್ಕಿಂತ ಹೆಚ್ಚು ಕುಯ್ಯಿಸಿ ಕೊಟ್ಟಿದ್ದ. ಅದೂ ಇಂಥವನಿಗೆ.

ಇಂಥವನು ಎಂದರೆ ಎಂಥವನು ಎಂದು ಕೇಳಿದರೆ ಹೇಳುವುದಕ್ಕೆ ಅವನ ಹತ್ತಿರ ಬೇಕಾದಷ್ಟಿತ್ತು. ಬಾಟಲಿಗಳನ್ನು ಗಿರಾಕಿಗಳ ಸೋಫಾದ ಹೊಟ್ಟೆಯಲ್ಲಿ, ತಳದ ಕಪ್ಪು ಬಟ್ಟೆಯೊಳಗೆ ಬಚ್ಚಿಡುತ್ತಿದ್ದವನು. ಒಮ್ಮೆ ತೆಗೆಯಲು ಮರೆತು, ಬಾಟಲಿ ಸಮೇತ ಸೋಫಾ ಒಬ್ಬ ಹೆಡ್‌ಮಾಸ್ತರರ ಮನೆ ಸೇರಿತ್ತು. ನೆಂಟರು ಕೂತಾಗಲೆಲ್ಲ ಅಡಿಯಲ್ಲಿ ಗುಳುಗುಳು ಎನ್ನುತ್ತಿದೆ ಎಂದು ಅವರು ವಾಪಸು ತಂದಾಗ, ಅದನ್ನು ಬಿಚ್ಚಿ ಬಾಟಲಿ ಹೊರಗೆ ತೆಗೆದವಳು ಅಕ್ಕ. ಆ ದಿನ ಅವಳು ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತದ್ದನ್ನು ದಾನಿ ಮರೆತಿರಲಿಲ್ಲ. ಆಮೇಲೆ ಒಂದು ದಿನ ಭಾವ ಅಂಗಡಿಯ ನಡುವೆ ನಿಂತು ಬಕೆಟ್ಟಿನ ತುಂಬ ರಕ್ತ ಕಾರಿದ. ಹೊಟ್ಟೆ ಊದಿತು, ಕಣ್ಣು ಹಳದಿಯಾಯಿತು, ಹೆಂಡತಿಯ ಗುರುತೇ ಸಿಗದ ಹಾಗಾಯಿತು. ಕುಡಿತ ಬಿಡಿಸಿ, ಕಾದು ನೋಡಿ, ಕೊನೆಗೆ ಲಿವರ್ ಬದಲಿಸದೆ ಗತಿಯಿಲ್ಲ ಎಂದರು ಡಾಕ್ಟರು. ಅಕ್ಕನದು ಹೊಂದಲಿಲ್ಲ, ದಾನಿಯದು ಹೊಂದಿತು.

"ನಮ್ಮಕ್ಕನ ಮುಖ ನೋಡ್ಕೊಂಡು ಕೊಡ್ತಿದ್ದೀನಿ, ಈ ಮನುಷ್ಯನ ಮುಖ ನೋಡ್ಕೊಂಡಲ್ಲ," ಎಂದು ಅವತ್ತೇ ಎಲ್ಲರ ಮುಂದೆ ಹೇಳಿದ್ದ. ಅಮ್ಮ ಹೋದ ಮೇಲೆ ಅವನ ಸ್ಕೂಲಿನ ಚಡ್ಡಿ ಅಂಗಿ ಹೊಲಿದು ಹಾಕಿ ಬೆಳೆಸಿದ ಅಕ್ಕ ಅವಳು. ಅವಳಿಗಾಗಿ ಏನು ಬೇಕಾದರೂ ಕೊಟ್ಟಾನು. ಆದರೆ ಕೊಟ್ಟ ಮೇಲೆ ಅವನ ಮದುವೆಯ ಮಾತು ಮುರಿದುಬಿತ್ತು. ಲಿವರು ಮತ್ತೆ ಬೆಳೆಯುತ್ತದೆ ಎಂದು ಎಷ್ಟು ಹೇಳಿದರೂ ಆ ಮನೆಯವರಿಗೆ ಅವನು ಅರ್ಧ ಲಿವರಿನ ಗಂಡೇ ಆದ. ಆ ಸಿಟ್ಟೂ ಭಾವನ ಲೆಕ್ಕಕ್ಕೇ ಸೇರಿತು. ಆಪರೇಷನ್ನಿಗೆ ಮುಂಚೆ "ಬನ್ನಿ ಭಾವ, ಕೂತ್ಕೊಳ್ಳಿ ಭಾವ" ಎನ್ನುತ್ತಿದ್ದವನು, ಆಸ್ಪತ್ರೆಯಿಂದ ಬಂದ ಮೇಲೆ "ಬಾ, ಕೂತ್ಕೋ" ಎನ್ನತೊಡಗಿದ. ಭಾವ ಅದಕ್ಕೂ ತುಟಿ ಬಿಚ್ಚಲಿಲ್ಲ. ಬಿಚ್ಚುವುದು ಹೇಗೆ, ಒಳಗಿರುವುದೇ ಇವನದು.

ಕುಡಿತದ ವಿಷಯದಲ್ಲಿ ಭಾವ ಮತ್ತೆ ಜಾರಿರಲಿಲ್ಲ. ಅದನ್ನು ದಾನಿಯೂ ಒಪ್ಪುತ್ತಿದ್ದ. ಆದರೆ ಅದು ತನ್ನ ಮೂಗಿನ ಪ್ರತಾಪ ಎನ್ನುತ್ತಿದ್ದ.

ಆ ವಾರ ಅಂಗಡಿಯಲ್ಲಿ ಫೋಟೋ ಸ್ಟುಡಿಯೋದವನ ಸೋಫಾ ಇತ್ತು. ಗಿರಾಕಿಗಳನ್ನು ಕೂರಿಸಿ ಫೋಟೋ ತೆಗೆಯುವ ಸೋಫಾ. ಕೆನೆಬಣ್ಣದ ಬಟ್ಟೆಯೇ ಬೇಕು ಎಂದು ಹಟ ಹಿಡಿದಿದ್ದ. ಚೌಕಟ್ಟು ಬಹಳ ಹಳೆಯದು, ಒಣಗಿ ಸಿಬಿರು ಏಳುತ್ತಿದ್ದ ಮರ. ದಾನಿಗೆ ಇಷ್ಟವಾದ ಸ್ಟೇಪಲ್ ಗನ್ನು ಅದರ ಮೇಲೆ ನಡೆಯುವಂತಿರಲಿಲ್ಲ, ಹೊಡೆದರೆ ಸೀಳುತ್ತಿತ್ತು. ಹಾಗಾಗಿ ಭಾವನೇ ಕೂತ. ಅವನು ಹಳೇ ಕಾಲದ ಕೆಲಸಗಾರ. ಒಂದು ಕೈಯಲ್ಲಿ ಬಟ್ಟೆ ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ಅದಕ್ಕೇ ಚಿಕ್ಕ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾಲಿಗೆಯಿಂದಲೇ ಒಂದೊಂದನ್ನು ತಿರುಗಿಸಿ, ತಲೆ ಮುಂದೆ ಮಾಡಿ ತುಟಿಗೆ ತರುತ್ತಿದ್ದ, ಅಯಸ್ಕಾಂತದ ಸುತ್ತಿಗೆ ತುಟಿಗೆ ತಾಗಿಸಿದರೆ ಮೊಳೆ ಅದಕ್ಕೆ ಅಂಟಿ ಬರುತ್ತಿತ್ತು, ಟಕ್, ಟಕ್. ಹಳಬರು ಅವನನ್ನು ಮೊಳೆ ಮೇಸ್ತ್ರಿ ಎಂದು ಕರೆಯುತ್ತಿದ್ದದ್ದು ಅದಕ್ಕೇ. ಹೊಡೆಯುವ ವೇಗ ನೋಡಿದರೆ ಬಾಯಿಂದ ಮಾತು ಉದುರುತ್ತಿದೆಯೋ ಎನ್ನಬೇಕು. ಆದರೆ ಆ ದಿನ ವೇಗವಿರಲಿಲ್ಲ. ಒಂದೊಂದು ಮೊಳೆಗೂ ಹುಬ್ಬು ಗಂಟಿಕ್ಕುತ್ತಿತ್ತು.

ಮಧ್ಯಾಹ್ನದ ಪರೀಕ್ಷೆಯೂ ಆಗಿ, ಪಾಸೂ ಆಗಿ, ಭಾವ ಸೋಫಾದ ತಳದ ಬಟ್ಟೆ ಮುಗಿಸಿ ಅದನ್ನು ನೇರ ನಿಲ್ಲಿಸಿದ. ಸಂಜೆಗೆ ಸ್ಟುಡಿಯೋದವನು ಬರುವವನಿದ್ದ. ಒರೆಸಿ ಇಡೋಣವೆಂದು ದಾನಿ ಬ್ರಷ್ಷು ಹಿಡಿದು ಬಗ್ಗಿದಾಗ ಕೈಯೂರುವ ಜಾಗದಲ್ಲಿ ಒಂದು ಚುಕ್ಕೆ ಕಂಡಿತು. ಸಾಸಿವೆ ಗಾತ್ರದ್ದು, ಕೆಂಪು. ಬೆರಳಿನಿಂದ ಒತ್ತಿದ, ಹರಡಿತು.

ರಕ್ತ ಎಂದರೆ ಅವನಿಗೆ ಒಂದೇ ಅರ್ಥ. ಅಂಗಡಿ, ಬಕೆಟ್ಟು, ಭಾವನ ಬಾಯಿ.

"ಎಷ್ಟ್ ದಿನದಿಂದ?" ಎಂದ.

ಭಾವ ಉಳಿದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡು, "ಏನು ಎಷ್ಟ್ ದಿನದಿಂದ?" ಎಂದ.

"ಕುಡಿಯೋಕೆ ಶುರು ಮಾಡಿ ಎಷ್ಟ್ ದಿನ ಆಯ್ತು ಅಂತ ಕೇಳ್ತಿದ್ದೀನಿ. ಮತ್ತೆ ರಕ್ತ ಬರ್ತಿದೆ. ನನ್ನ ಹತ್ರ ನಾಟಕ ಬೇಡ."

"ಈಗ ತಾನೇ ಮೂಸಿದ್ಯಲ್ಲ."

"ಮೂಸಿದ್ಮೇಲೆ ಕುಡಿದಿರ್ತೀಯ! ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಎಲ್ಲಿಟ್ಟಿದ್ದೀಯ?"

ಭಾವನ ಕಣ್ಣು ಅರೆಗಳಿಗೆ ಸೋಫಾದ ಅಡಿಗೆ ಹೋಗಿ ಬಂತು. ದಾನಿಗೆ ಅಷ್ಟು ಸಾಕಾಗಿತ್ತು. ಸೋಫಾವನ್ನು ಎರಡೂ ಕೈಯಲ್ಲಿ ಹಿಡಿದು ಮಗುಚಿ ಕೆಡವಿದ. ಫೋಮು ಕತ್ತರಿಸುವ ಚಾಕು ಕೈಗೆ ಸಿಕ್ಕಿತು. ಹೊಸದಾಗಿ ಬಿಗಿದ ಕಪ್ಪು ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಸರ್ರನೆ ಸೀಳಿದ.

"ಏಯ್, ಹುಚ್ಚು ಹಿಡೀತೇನೋ ನಿಂಗೆ!" ಎಂದು ಅಕ್ಕ ಮಿಷನ್ನು ನಿಲ್ಲಿಸಿ ಓಡಿ ಬಂದಳು. "ಗಿರಾಕಿ ಸೋಫಾ ಕಣೋ ಅದು!"

ಒಳಗೆ ಬಾಟಲಿ ಇರಲಿಲ್ಲ. ಸ್ಪ್ರಿಂಗುಗಳ ಸಂದಿಯಿಂದ ಹತ್ತಿಯ ಉಂಡೆಗಳು ಉದುರಿದವು. ಕೆಲವು ಒಣಗಿ ಕಂದಾಗಿದ್ದವು, ಕೆಲವು ಇನ್ನೂ ಒದ್ದೆ, ಗುಲಾಬಿ ಬಣ್ಣ. ಒಂದು ಉರುಳುತ್ತ ಹೋಗಿ ಅಕ್ಕನ ಚಪ್ಪಲಿಯ ಹತ್ತಿರ ನಿಂತಿತು.

ದಾನಿ ಬಗ್ಗಿ ಒಂದು ಉಂಡೆ ಎತ್ತಿಕೊಂಡ. ಎತ್ತಿಕೊಂಡವನು ಮೂಗಿನ ಹತ್ತಿರ ತಂದ. ಅಭ್ಯಾಸ ಎಂದರೆ ಅಭ್ಯಾಸ. ಹೆಂಡ ಇರಲಿಲ್ಲ. ಅದೇ ಹೂದಾನಿಯ ವಾಸನೆ ಇತ್ತು.

ಅಕ್ಕ ಗಂಡನ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಲು ಹೋದಳು. "ಎಲ್ಲಿಂದ ರಕ್ತ? ಬಾಯಿ ತೆಗೀರಿ."

ಅವನು ಮುಖ ಕೊಸರಿಕೊಂಡ. "ಏನಿಲ್ಲ. ಮೊಳೆ ಚುಚ್ಚಿದೆ."

"ಒಂದು ಮೊಳೆ ಚುಚ್ಚಿದ್ರೆ ಇಷ್ಟು ಹತ್ತಿ ಬೇಕಾ? ತೆಗೀರಿ ಅಂದ್ರೆ! ಇವನಿಗೆ ದಿನಾ ಬೀದೀಲಿ ನಿಂತು ತೆಗೀತೀರಿ, ನನಗೆ ತೆಗೆಯಲ್ವಾ?"

ತೆಗೆಯಲಿಲ್ಲ. ತುಟಿ ಬಿಗಿದುಕೊಂಡು, ಅಂಗೈಯಲ್ಲಿದ್ದ ಮೊಳೆಗಳನ್ನು ಡಬ್ಬಕ್ಕೆ ಸುರಿದು, ಹಿಂದಿನ ಕೋಣೆಗೆ ಹೋಗಿ ಫೋಮಿನ ರಾಶಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಸಂಜೆ ಬಂದ ಸ್ಟುಡಿಯೋದವನಿಗೆ ಅಕ್ಕ ಏನೋ ಒಂದು ಸುಳ್ಳು ಹೇಳಿ ನಾಳೆ ಸಂಜೆಗೆ ಎಂದು ಸಾಗಹಾಕಿದಳು. ಕೆಂಪು ಚುಕ್ಕೆಯನ್ನು ಅವಳೇ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಉಜ್ಜಿ ತೆಗೆದಳು. ತಮ್ಮನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ಅದಾದ ಮೇಲೆ ಆಸ್ಪತ್ರೆಗೆ ಫೋನು ಮಾಡಿದಳು. ಡಾಕ್ಟರಮ್ಮ ಇನ್ನೂ ಇದ್ದಾರೆ, ಈಗಲೇ ಕರೆದುಕೊಂಡು ಬನ್ನಿ ಎಂದರು.

ಲಿವರಿನ ಡಾಕ್ಟರಮ್ಮನ ಕೋಣೆಗೆ ಹೋದಾಗಲೆಲ್ಲ ದಾನಿಗೆ ಒಂದು ಠೀವಿ ಬರುತ್ತಿತ್ತು. ಭಾವನ ರಕ್ತಪರೀಕ್ಷೆಯ ಫಲಿತಾಂಶ ಚೆನ್ನಾಗಿದೆ ಎಂದು ಆಕೆ ಹೇಳಿದರೆ ತನಗೇ ಬಹುಮಾನ ಬಂದವನ ಹಾಗೆ ಎದೆ ಉಬ್ಬಿಸುತ್ತಿದ್ದ. ಇವತ್ತೂ ಅವನೇ ಮೊದಲು ಬಾಯಿ ಹಾಕಿದ.

"ಮೇಡಂ, ಮತ್ತೆ ಕುಡೀತಿದ್ದಾನೇನೋ ನೋಡಿ. ಬಾಯಲ್ಲಿ ರಕ್ತ."

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ನೋಡಿದರು. "ಹೋದ ವಾರದ ಟೆಸ್ಟಿದೆ. ಕುಡಿದಿಲ್ಲ ಇವರು. ಲಿವರ್ ಚೆನ್ನಾಗೇ ಕೆಲಸ ಮಾಡ್ತಿದೆ." ಆಮೇಲೆ ಎದ್ದು ಬಂದು, ಪುಟ್ಟ ಟಾರ್ಚು ಹಚ್ಚಿ, ಮರದ ಕಡ್ಡಿ ಕೈಗೆತ್ತಿಕೊಂಡು, "ಬಾಯಿ ತೆಗೀರಿ," ಎಂದರು.

ಭಾವ ಒಂದು ಕ್ಷಣ ದಾನಿಯ ಕಡೆ ನೋಡಿದ. ಆಮೇಲೆ ತೆಗೆದ. ಆಕೆ ಕಡ್ಡಿಯಿಂದ ನಾಲಿಗೆಯನ್ನು ಒಂದು ಬದಿಗೆ ಸರಿಸಿದರು. ಸರಿಸಿದವರು ಹಾಗೇ ನಿಂತರು. ಕೈಗವಸು ಹಾಕಿಕೊಂಡು ಬೆರಳಿಟ್ಟು ಮುಟ್ಟಿದರು, ಭಾವ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಗಲ್ಲದ ಕೆಳಗೆ, ಕುತ್ತಿಗೆಯ ಎರಡೂ ಬದಿ ಒತ್ತಿ ಒತ್ತಿ ನೋಡಿದರು.

"ಯಾವಾಗಿಂದ ಇದೆ ನಾಲಿಗೇಲಿ ಈ ಹುಣ್ಣು?"

"ಮೊಳೆ ತಾಗಿ ಆಗಿದ್ದು," ಎಂದ ಭಾವ.

"ಮೊಳೆ ತಾಗಿದ್ದು ಒಂದೆರಡು ವಾರದಲ್ಲಿ ಮಾಯಬೇಕಿತ್ತು. ಯಾವಾಗಿಂದ?"

"ಆಗಿದೆ ಕೆಲವು ತಿಂಗಳು."

ಡಾಕ್ಟರಮ್ಮ ಕೂತರು. "ತುಣುಕು ತೆಗೆದು ಪರೀಕ್ಷೆ ಮಾಡೋವರೆಗೂ ಇದು ಇಂಥದ್ದೇ ಅಂತ ಹೇಳಲ್ಲ. ಆದ್ರೆ ಕ್ಯಾನ್ಸರ್ ಅಂತಾನೇ ಅನುಮಾನ ಬರ್ತಿದೆ. ಕುತ್ತಿಗೇಲಿ ಗಂಟು ಕೈಗೆ ಸಿಗ್ತಿಲ್ಲ, ಅದೊಂದು ಸಮಾಧಾನ. ನಾಳೆ ಬೆಳಿಗ್ಗೇನೇ ಬಂದು ಅಡ್ಮಿಟ್ ಆಗಿ. ಬೇಗ ಕೈ ಹಾಕಿದ್ರೆ ಆ ಭಾಗ ತೆಗೆದು ಉಳಿಸ್ಕೋಬಹುದು. ತಡ ಮಾಡಿದ್ರೆ ನನ್ನ ಕೈಲಿ ಏನೂ ಇರಲ್ಲ."

"ಕ್ಯಾನ್ಸರಾ?" ಎಂದ ದಾನಿ. "ಲಿವರ್ ಚೆನ್ನಾಗಿದೆ ಅಂದ್ರಲ್ಲ."

"ಲಿವರ್ ಚೆನ್ನಾಗಿದೆ. ಅದನ್ನ ದೇಹ ಹೊರಗಿನದ್ದು ಅಂತ ತಳ್ಳಿಬಿಡದೇ ಇರೋಕೆ ಮಾತ್ರೆ ಕೊಡ್ತೀವಲ್ಲ, ಆ ಮಾತ್ರೆ ಮೈಯೊಳಗಿನ ಕಾವಲನ್ನೇ ಅರ್ಧ ಮಲಗಿಸಿರುತ್ತೆ. ವರ್ಷಗಟ್ಟಲೆ ಕುಡಿದ ಬಾಯಿ, ಗಂಟಲು ಮೊದಲೇ ಕೆಟ್ಟಿರುತ್ತೆ. ಅದರ ಮೇಲೆ ಹೊಗೆ ಬೇರೆ ಬಿದ್ರೆ ಇಂಥವರಿಗೆ ಅಪಾಯ ಬೇರೆಯವರಿಗಿಂತ ಎಷ್ಟೋ ಹೆಚ್ಚು. ಡಿಸ್ಚಾರ್ಜ್ ದಿನಾನೇ ಹೇಳಿದ್ದೆ. ಕುಡಿತದಷ್ಟೇ ಸಿಗರೇಟೂ ಕೂಡದು ಅಂತ." ಅವರು ಭಾವನ ಕಡೆ ತಿರುಗಿದರು. "ಸೇದ್ತಿದ್ದೀರಾ?"

"ದಿನಾ," ಎಂದ ಭಾವ.

"ಯಾರು ತಂದುಕೊಡ್ತಾರೆ ನಿಮಗೆ?"

ಭಾವ ದಾನಿಯ ಅಂಗಿಯ ಜೇಬಿನ ಕಡೆ ನೋಡಿದ. ತೆಳು ಅಂಗಿ, ಒಳಗಿನ ಪ್ಯಾಕಿನ ಬಣ್ಣವೂ ಕಾಣುತ್ತಿತ್ತು. ಡಾಕ್ಟರಮ್ಮನೂ ನೋಡಿದರು, ಅಕ್ಕನೂ ನೋಡಿದಳು. ದಾನಿ ಜೇಬಿಗೆ ಕೈ ಅಡ್ಡ ಇಟ್ಟುಕೊಂಡ. ಆ ಕೋಣೆಯಲ್ಲಿ ಮೊದಲ ಬಾರಿಗೆ ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಹೊರಗೆ ಬೆಂಚುಗಳ ಸಾಲಿನ ಹತ್ತಿರ ಬರುವಷ್ಟರಲ್ಲಿ ಅಕ್ಕ ತಮ್ಮನನ್ನು ಹಿಡಿದುಕೊಂಡಳು.

"ನಾನು ಹೇಳಿದ್ದೆ ನಿನಗೆ. ಡಿಸ್ಚಾರ್ಜ್ ಆದ ದಿನ, ಮನೆ ಮೆಟ್ಟಿಲ ಮೇಲೆ ನಿಂತು ಹೇಳಿದ್ದೆ. ನೀನೇನಂದೆ ನೆನಪಿದೆಯಾ?"

ನೆನಪಿತ್ತು. ಮೊದಲು ಕುಡಿತ ಬಿಡ್ಲಿ ಬಿಡಕ್ಕಾ, ಎಲ್ಲಾ ಒಟ್ಟಿಗೆ ಕಿತ್ಕೊಂಡ್ರೆ ಓಡಿಹೋಗ್ತಾನೆ, ಇದೊಂದು ಇರ್ಲಿ, ನಾನೇ ಲೆಕ್ಕವಾಗಿ ಕೊಡ್ತೀನಿ. ಆಗ ಎಷ್ಟು ಜಾಣತನದ ಮಾತಾಗಿ ಕೇಳಿತ್ತು! ಕುಡುಕನನ್ನು ಪಳಗಿಸುವ ವಿದ್ಯೆ ಇವನೊಬ್ಬನಿಗೇ ಗೊತ್ತು ಎಂದು ಬೀದಿಯೇ ಹೊಗಳಿತ್ತು.

"ಅವರ ಬಾಯಿಗೆ ದಿನಾ ಮೂಗಿಟ್ಟೆ. ಒಂದು ದಿನ ಕಣ್ಣಿಟ್ಟು ನೋಡಿದ್ಯಾ?"

"ನೀನು ಹೆಂಡತಿ, ನೀನ್ ನೋಡಿದ್ಯಾ?" ಎಂದ ದಾನಿ. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಆಡಿಯಾಗಿತ್ತು. ಅಕ್ಕನ ಮುಖ ಬಿಳಿಚಿಕೊಂಡಿತು.

"ಅವಳನ್ನ ಬಿಡು," ಎಂದ ಭಾವ. ಬೆಂಚಿನ ಮೇಲೆ ಆರಾಮವಾಗಿ ಕೂತಿದ್ದ. ಅವನ ಸ್ವರದಲ್ಲಿ ಸಿಟ್ಟಿಗಿಂತ ಹೆಚ್ಚಿನದೇನೋ ಇತ್ತು, ಬಹಳ ದಿನ ಬಾಯಲ್ಲಿಟ್ಟುಕೊಂಡು ಕಾದದ್ದು. "ಅವಳಿಗೆ ತೋರಿಸ್ಲಿಲ್ಲ ನಾನು. ತೋರಿಸಿದ್ರೆ ನಿನಗೆ ಹೇಳ್ತಿದ್ಲು. ನಿನಗೆ ಗೊತ್ತಾದ್ರೆ ಬೀದಿಗೇ ಗೊತ್ತಾಗ್ತಿತ್ತು. ಆ ಕೀ ಮಾಡೋನು ಅಲ್ಲಿಂದಾನೇ ಕೇಳ್ತಿದ್ದ, ಏನ್ ದಾನಿ, ಹುಣ್ಣು ಹೇಗಿದೆ ಅಂತ."

"ಅದಕ್ಕೆ ಬಚ್ಚಿಡೋದಾ? ಸಾಯ್ತೀಯ ಅಂತ ಗೊತ್ತಿದ್ದೂ?"

"ಲಿವರ್ ನಿಂದು. ಉಸಿರೂ ನಿಂದೇ, ದಿನಾ ಮೂಸಿ ಲೆಕ್ಕ ತಗೊಳ್ತೀಯ. ಅನ್ನ ಬಿಟ್ರೆ ನೀನು ಕೇಳ್ತೀಯ, ಮಲಗಿದ್ರೆ ನೀನು ಕೇಳ್ತೀಯ. ಈ ಹುಣ್ಣೊಂದು ನಂದಾಗಿತ್ತು. ನನ್ನದು ಅಂತ ಇಟ್ಕೊಂಡಿದ್ದೆ."

ಪಕ್ಕದ ಬೆಂಚಿನಲ್ಲಿ ಕೂತಿದ್ದ ಯಾರೋ ಎದ್ದು ದೂರ ಹೋಗಿ ಕೂತರು. ದಾನಿಯ ಮೈಯೆಲ್ಲ ಉರಿಯಿತು. ಇವನಿಗಾಗಿ ಹೊಟ್ಟೆ ಕುಯ್ಯಿಸಿಕೊಂಡೆ, ಮದುವೆ ಕಳೆದುಕೊಂಡೆ, ಇವನು ಹುಣ್ಣನ್ನು ಮಗುವಿನ ಹಾಗೆ ಸಾಕಿದ್ದಾನೆ! ಕೊರಳಪಟ್ಟಿ ಹಿಡಿದು ಅಲುಗಿಸಬೇಕೆನ್ನಿಸಿತು. ಅದರ ಜೊತೆಗೇ, ಜೇಬಿನಲ್ಲಿದ್ದ ಪ್ಯಾಕು ಎದೆಗೆ ಒತ್ತುತ್ತಿದ್ದದ್ದೂ ತಿಳಿಯುತ್ತಿತ್ತು.

"ನಾಳೆ ಅಡ್ಮಿಟ್ ಆಗು. ಮಿಕ್ಕಿದ್ದು ಆಮೇಲೆ," ಎಂದ.

"ಆಗಲ್ಲ."

"ನಾಲಿಗೆ ಸ್ವಲ್ಪ ತೆಗೀಬಹುದು ಅಷ್ಟೇ ಅಂತೆ. ಜೀವ ಉಳಿಯುತ್ತೆ."

"ತೆಗೆದ ನಾಲಿಗೆಗೆ ಬದಲು ಯಾರು ಕೊಡ್ತಾರೆ?" ಭಾವ ಅಕ್ಕನ ಕಡೆ ತಿರುಗಿದ. "ನಿನ್ನ ತಮ್ಮನೇ ಕೊಡ್ಲಿ ಬಿಡೆ. ಅವನದು ಬೇಕಾದಷ್ಟು ಉದ್ದ ಇದೆ."

ಅಕ್ಕ ನಗಲಿಲ್ಲ, ಅಳಲೂ ಇಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು.

ಮರುದಿನ ಬೆಳಿಗ್ಗೆ ದಾನಿ ಅಂಗಡಿಗೆ ಬಂದಾಗ ಭಾವ ಮೊದಲೇ ಬಂದು ನಿಂತಿದ್ದ. ಎಂದಿನ ಹಾಗೆ ಶಟರಿಗೆ ಮುಖ ಮಾಡಿ ಅಲ್ಲ. ಇವತ್ತು ಶಟರಿಗೆ ಬೆನ್ನು ಕೊಟ್ಟು ಬೀದಿಗೆ ಮುಖ ಮಾಡಿದ್ದ. ಬಿಸಿಲು ನೇರವಾಗಿ ಅವನ ಮೇಲೆ ಬಿದ್ದಿತ್ತು. ಅಕ್ಕ ಪಕ್ಕದಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಚೀಲದೊಳಗೆ ಟವೆಲ್ಲು, ಲೋಟ ಕಂಡವು. ರಾತ್ರಿ ಅವರಿಬ್ಬರ ನಡುವೆ ಏನು ಮಾತಾಯಿತೋ, ದಾನಿಗೆ ತಿಳಿಸಿದವರಿಲ್ಲ.

ಅವನು ಹತ್ತಿರ ಬಂದ. ಬಾಯಿ ಬಿಡು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಭಾವ ತಾನೇ ಬಿಟ್ಟ. ಅಗಲವಾಗಿ ಬಿಟ್ಟು, ತೋರುಬೆರಳಿನಿಂದ ಬಲಗೆನ್ನೆಯನ್ನು ಎಳೆದು, ನಾಲಿಗೆಯನ್ನು ಎಡಕ್ಕೆ ಹೊರಳಿಸಿ ಹಿಡಿದ. ದಾನಿ ಅಭ್ಯಾಸದಂತೆ ಮೂಗು ಮುಂದೆ ತಂದ.

ಭಾವ ಇನ್ನೊಂದು ಕೈಯಿಂದ ಅವನ ಹಣೆಯನ್ನು ತಡೆದು ಹಿಂದೆ ತಳ್ಳಿದ. ಬಾಯಿ ಮುಚ್ಚಿ, "ಮೂಸಬೇಡ, ನೋಡು," ಎಂದ. ಮತ್ತೆ ತೆರೆದ.

ದಾನಿ ನೋಡಿದ. ನಾಲಿಗೆಯ ಬದಿಯಲ್ಲಿ, ಹಿಂದಿನ ಹಲ್ಲುಗಳ ಪಕ್ಕ, ಗುಂಡಗೆ ಒಂದು ಕುಳಿ. ಅಂಚು ಮೇಲೆದ್ದು ಬೆಳ್ಳಗೆ ಗಟ್ಟಿಯಾಗಿತ್ತು, ನಡುವೆ ಕೆಂಪಗೆ ಹಸಿಯಾಗಿತ್ತು. ನೋಡಲು ವಿದ್ಯೆ ಬೇಡ, ಯಾವ ಬುದ್ಧಿಯೂ ಬೇಡ. ಇಷ್ಟು ದಿನ ಅವನ ಮೂಗಿನಿಂದ ಗೇಣು ದೂರದಲ್ಲಿತ್ತು. ಯಾವ ದಿನ ಕಣ್ಣು ಬಿಟ್ಟಿದ್ದರೂ ಕಾಣುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡೇ ಮೂಸುತ್ತಿದ್ದ, ವಾಸನೆ ಚೆನ್ನಾಗಿ ಹತ್ತಲಿ ಎಂದು.

ಭಾವ ಬಾಯಿ ಮುಚ್ಚಿ ಕೈ ಚಾಚಿದ. "ಕೊಡು."

"ಏನು?"

"ಪಾಸಾದೆನಲ್ಲ. ನನ್ನ ಸಿಗರೇಟು."

ಬೀಗದ ಕೈ ಉಜ್ಜುವ ಸದ್ದು ಎದುರುಗಡೆ ನಿಂತಿತು. ದಾನಿಯ ಕೈ ಜೇಬಿಗೆ ಹೋಯಿತು. ಪ್ಯಾಕು ಇನ್ನೂ ಅಲ್ಲೇ ಇತ್ತು. ನಿನ್ನೆಯೇ ಎಸೆಯಬಹುದಿತ್ತು, ಎಸೆದಿರಲಿಲ್ಲ. ಎಸೆದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ರಾತ್ರಿಯೆಲ್ಲ ಅನ್ನಿಸಿತ್ತು.

"ಕೇಳ್ಬೇಡಿ ಭಾವ," ಎಂದ. ತನ್ನ ಸ್ವರ ತನಗೇ ಗುರುತು ಸಿಗಲಿಲ್ಲ.

"ಓ, ಮರ್ಯಾದೆ ವಾಪಸ್ ಬಂತಾ," ಎಂದ ಭಾವ. ಚಾಚಿದ ಕೈ ಹಾಗೇ ಇತ್ತು, ಕಣ್ಣು ದಾನಿಯ ಜೇಬು ಬಿಟ್ಟು ಅಲುಗುತ್ತಿರಲಿಲ್ಲ. ಅದು ಬರೀ ಹಂಗಿಸುವುದಕ್ಕೆ ಚಾಚಿದ ಕೈಯಲ್ಲ, ಅವನಿಗೆ ನಿಜವಾಗಿಯೂ ಬೇಕಾಗಿತ್ತು ಎಂಬುದು ದಾನಿಗೆ ಆಗ ತಿಳಿಯಿತು. "ದಿನಾ ನಾಯಿಗೆ ಬಿಸ್ಕತ್ತು ಹಾಕಿದ ಹಾಗೆ ಹಾಕ್ತಿದ್ಯಲ್ಲ. ಇವತ್ತೇನಾಯ್ತು?"

ದಾನಿ ಪ್ಯಾಕು ತೆಗೆದ. ಎರಡೂ ಕೈಯಲ್ಲಿ ಹಿಡಿದು ಹಿಚುಕಿ, ತಿರುಚಿ, ಚರಂಡಿಗೆ ಹಾಕಿದ. ಭಾವ ಚರಂಡಿಯ ಕಡೆ ಬಹಳ ಹೊತ್ತು ನೋಡಿದ. ಆಮೇಲೆ ಕೈ ಇಳಿಸಿದ.

"ಆಸ್ಪತ್ರೆಗೆ ಹೋಗ್ತಿದ್ದೀನಿ," ಎಂದ. "ಇವಳು ಕರೆದಳು ಅಂತ ಹೋಗ್ತಿದ್ದೀನಿ. ನೀನು ಬರಬಾರದು. ವಾರ್ಡಲ್ಲಿ ನಿನ್ನ ಮುಖ ಕಂಡ್ರೆ ಎದ್ದು ಬಂದುಬಿಡ್ತೀನಿ, ಆಮೇಲೆ ನಿನ್ನ ಲಿವರ್ ನನ್ನ ಜೊತೆ ಎಲ್ಲಿಗೆ ಬೇಕಾದ್ರೂ ಹೋಗ್ಲಿ. ವಾಪಸ್ ಕೊಡೋ ಹಾಗಿದ್ರೆ ಇವತ್ತೇ ಕುಯ್ಸಿ ಕೊಟ್ಟುಬಿಡ್ತಿದ್ದೆ ಕಣೋ. ಅದೊಂದು ಆಗಲ್ಲವಲ್ಲ."

"ಭಾವ, ನಾನು ಹೊರಗೇ..."

"ಬರಬಾರದು ಅಂದೆ."

ದಾನಿ ಅಕ್ಕನ ಮುಖ ನೋಡಿದ. ಅವಳಾದರೂ ಒಂದು ಮಾತು ಹೇಳಬಹುದೆಂದು ನೋಡಿದ. ಚಿಕ್ಕಂದಿನಲ್ಲಿ ಅವನು ಏನೇ ಮಾಡಿಬಂದರೂ ಬೇರೆಯವರ ಮುಂದೆ ಅವನ ಪರ ನಿಲ್ಲುತ್ತಿದ್ದವಳು ಅವಳು. ಅಕ್ಕ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಸ್ಟುಡಿಯೋದವರು ಸಂಜೆ ಬರ್ತಾರೆ," ಎಂದಳು. "ತಳದ ಬಟ್ಟೆ ಬೇರೆ ಕತ್ತರಿಸಿ ಮಿಷನ್ ಮೇಲೆ ಇಟ್ಟಿದ್ದೀನಿ. ನೀನೇ ಹೊಡಿ."

ಇಬ್ಬರೂ ನಡೆದು ಹೋದರು. ತಿರುವಿನಲ್ಲಿ ಭಾವ ಕೆಮ್ಮುತ್ತ ನಿಂತ, ಅಕ್ಕ ಅವನ ತೋಳು ಹಿಡಿದಳು, ಅವನು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಕಾಣಲಿಲ್ಲ.

ದಾನಿ ಶಟರ್ ಎತ್ತಿದ. ಗಾಯದ ಗೆರೆ ಚುಳ್ಳೆಂದಿತು. ಅವನು ಪಕ್ಕಕ್ಕೆ ತಿರುಗಿ ನೋಡಿದ, ಅಲ್ಲಿ ಯಾರೂ ಇರಲಿಲ್ಲ. ಒಳಗಿನ ಘಾಟು ಎಂದಿನಂತೆ ಮುಖಕ್ಕೆ ಹೊಡೆಯಿತು. ಸೋಫಾ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು, ಸೀಳಿದ ಬಟ್ಟೆ ಎರಡೂ ಕಡೆ ಜೋತುಬಿದ್ದಿತ್ತು. ಅವನು ಹಳೆಯ ಮೊಳೆಗಳನ್ನೆಲ್ಲ ಕಿತ್ತ, ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿದ್ದ ಹತ್ತಿಯ ಕೊನೆಯ ಉಂಡೆಗಳನ್ನು ತೆಗೆದು ಕಾಗದದಲ್ಲಿ ಕಟ್ಟಿದ, ಹೊಸ ಬಟ್ಟೆ ಹಾಸಿದ. ಸ್ಟೇಪಲ್ ಗನ್ನು ಕೈಗೆತ್ತಿಕೊಂಡ. ಹಳೆಯ ಮರದ ಮೇಲೆ ಒಂದು ಹೊಡೆದು ನೋಡಿದ. ಮರ ಸಿಬಿರೆದ್ದು ಸೀಳಿತು.

ಗನ್ನು ಪಕ್ಕಕ್ಕಿಟ್ಟು ಭಾವನ ಮೊಳೆ ಡಬ್ಬ ಎಳೆದುಕೊಂಡ. ಒಂದು ಕೈಯಲ್ಲಿ ಬಟ್ಟೆ ಎಳೆದು ಹಿಡಿದ, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ತೆಗೆಯಲು ಬಟ್ಟೆ ಬಿಟ್ಟರೆ ಬಟ್ಟೆ ಸಡಿಲವಾಗುತ್ತಿತ್ತು. ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಹೀಗೇ ಸ್ವಲ್ಪ ಹೊತ್ತು ಒದ್ದಾಡಿದ. ಕೊನೆಗೆ ಡಬ್ಬದಿಂದ ಒಂದು ಹಿಡಿ ಮೊಳೆ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದ. ಇಷ್ಟು ವರ್ಷ ಈ ಅಂಗಡಿಯಲ್ಲಿದ್ದೂ ಒಂದು ದಿನವೂ ಮಾಡದ ಕೆಲಸ. ಬಾಯಿಗೆ ಹಾಕಿಕೊಂಡ.

ತಣ್ಣಗಿತ್ತು. ಕಬ್ಬಿಣದ ರುಚಿ ಗಂಟಲಿನವರೆಗೆ ಹೋಯಿತು. ಒಂದನ್ನು ನಾಲಿಗೆಯಿಂದ ತಿರುಗಿಸಲು ಹೋದ, ಮೊನೆ ಚುಚ್ಚಿತು. ಕಣ್ಣಲ್ಲಿ ನೀರು ಬಂತು. ಉಗಿಯಲಿಲ್ಲ. ಮತ್ತೆ ತಿರುಗಿಸಿದ, ತಲೆ ಯಾವ ಕಡೆ, ಮೊನೆ ಯಾವ ಕಡೆ ಎಂದು ಬಾಯೊಳಗೇ ಹುಡುಕಿದ.

ಎದುರಿನವನು ಬಾಗಿಲವರೆಗೆ ಬಂದು ಚೌಕಟ್ಟಿಗೆ ಒರಗಿ ನಿಂತ. ಅವನ ಕೈಯಲ್ಲಿ ಅರ್ಧ ಉಜ್ಜಿದ ಬೀಗದ ಕೈ ಇತ್ತು.

"ಏನ್ ದಾನಿ," ಎಂದ, "ನಿಮ್ಮ ಭಾವ ಚೀಲ ಹಿಡ್ಕೊಂಡು ಎಲ್ಲಿಗೆ ಹೊರಟ? ಮತ್ತೆ ಶುರು ಮಾಡಿದ್ನಾ?"

ದಾನಿಯ ಬಾಯಿ ತುಂಬ ಮೊಳೆಗಳಿದ್ದವು. ಅವನು ತಲೆ ಎತ್ತಲಿಲ್ಲ. ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದು, ಸುತ್ತಿಗೆಯನ್ನು ತುಟಿಯ ಹತ್ತಿರಕ್ಕೆ ತಂದ.